ಯಾವ ಫೈಲ್ ಕೊಟ್ಟರೂ ಹಾಡಬೇಕು: ಮನೆ ಕಂಪ್ಯೂಟರಿನಲ್ಲಿ ವಿಎಲ್‌ಸಿ, ಪಕ್ಕದಲ್ಲಿ ಫೂಬಾರ್ 2000

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ಮನೆ ಕಂಪ್ಯೂಟರಿಗೆ ಒಂದೇ ಪ್ಲೇಯರ್ ಹಾಕುವುದಾದರೆ ವಿಎಲ್‌ಸಿ ಹಾಕಿ. ಹಾಡು ಕೂಡಿಟ್ಟು ಸಂಜೆ ಹೊತ್ತು ಒಂದರ ಹಿಂದೆ ಒಂದು ಕೇಳುವ ಅಭ್ಯಾಸ ಇದ್ದವರು ಅದರ ಜೊತೆಗೆ ಫೂಬಾರ್ 2000 ಕೂಡ ಹಾಕಿಕೊಳ್ಳಿ. ಎರಡಕ್ಕೂ ದುಡ್ಡು ಕೊಡಬೇಕಿಲ್ಲ, ಎರಡರಲ್ಲೂ ಜಾಹೀರಾತಿನ ಕಾಟ ಇಲ್ಲ. ಅವಸರ ಇದ್ದವರಿಗೆ ಇಷ್ಟು ಸಾಕು. ಯಾಕೆ, ಎಲ್ಲಿ ಕೈಕೊಡುತ್ತವೆ, ಯಾವುದನ್ನು ಹಾಕಲೇಬಾರದು ಅಂತ ಗೊತ್ತಾಗಬೇಕಾದವರು ಮುಂದೆ ಓದಿ. ಸ್ವಲ್ಪ ಉದ್ದ ಇದೆ.

ವಿಎಲ್‌ಸಿ ಎಲ್ಲರಿಗೂ ಗೊತ್ತಲ್ಲ, ಅದಕ್ಕೆ ಈಗ ಎಂಥ ರಿವ್ಯೂ ಅಂತ ಕೇಳಬಹುದು. ಗೊತ್ತಿರುವುದು ಸಿನಿಮಾ ನೋಡುವುದಕ್ಕೆ. ಆಡಿಯೋ ಫೈಲುಗಳಿಗೆ ಅದನ್ನು ಸರಿಯಾಗಿ ಬಳಸಿದವರು ನಮ್ಮ ಕಡೆ ಕಡಿಮೆ. ಹಾಡು ಬರಲಿಲ್ಲ ಅಂದ ಕೂಡಲೇ ಫೈಲ್ ಹಾಳಾಗಿದೆ ಅಂತ ಅಳಿಸಿ ಹಾಕುವವರನ್ನು, ಇಲ್ಲವೇ ಸಿಕ್ಕಿದ ಕನ್ವರ್ಟರ್ ಡೌನ್‌ಲೋಡ್ ಮಾಡಿ ವೈರಸ್ ತುಂಬಿಸಿಕೊಳ್ಳುವವರನ್ನು ಜಾಸ್ತಿ ನೋಡಿದ್ದೇನೆ.

ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ತಿರ ತೋಟದ ಮನೆ. ಇರುವುದು ಹಳೇ ಡೆಸ್ಕ್‌ಟಾಪ್, ಅದರಲ್ಲಿ ಇನ್ನೂ ವಿಂಡೋಸ್ 7. ಮೈಕ್ರೋಸಾಫ್ಟ್ ಅದಕ್ಕೆ 2020ರ ಜನವರಿಯಲ್ಲೇ ಸಪೋರ್ಟ್ ನಿಲ್ಲಿಸಿದೆ, ಅದಕ್ಕೇ ಬ್ಯಾಂಕಿನ ಕೆಲಸ, ಇಮೇಲು ಯಾವುದನ್ನೂ ಅದರಲ್ಲಿ ಮಾಡುವುದಿಲ್ಲ. ಹಾಡು, ಫೋಟೋ, ತೋಟದ ಲೆಕ್ಕ, ಇಷ್ಟೇ. ಆದರೆ ಆಡಿಯೋ ಫೈಲುಗಳು ಮಾತ್ರ ಎಲ್ಲೆಲ್ಲಿಂದಲೋ ಬಂದು ಸೇರುತ್ತವೆ. ಹಳೇ ಮದುವೆಗಳ ವಾಲಗವನ್ನು ಕ್ಯಾಸೆಟ್‌ನಿಂದ ತೆಗೆದ ವೇವ್ ಫೈಲು. ಯಾರೋ ಯಾವಾಗಲೋ ಸಿಡಿಯಿಂದ ಇಳಿಸಿಕೊಟ್ಟ ಡಬ್ಲ್ಯೂಎಂಎ. ಕೀಪ್ಯಾಡ್ ಫೋನಿನಲ್ಲಿ ರೆಕಾರ್ಡ್ ಮಾಡಿದ ಎಎಂಆರ್. ಬೆಂಗಳೂರಿನಲ್ಲಿರುವ ತಂಗಿ ಐಫೋನಿನಿಂದ ಕಳಿಸುವ ಎಂ4ಎ. ವಾಟ್ಸಾಪ್‌ನ ವಾಯ್ಸ್ ಮೆಸೇಜು, ಅದು ಓಪಸ್. ಹುತ್ತರಿ ಕೋಲಾಟದ ವಿಸಿಡಿ ಒಳಗಿನ ಡ್ಯಾಟ್ ಫೈಲು. ಎಂಪಿ3 ಬಗ್ಗೆ ಹೇಳುವುದೇ ಬೇಡ, ರಾಶಿ ಬಿದ್ದಿವೆ.

ವಿಂಡೋಸ್ 7 ಜೊತೆಗೇ ಬರುವ ಮೀಡಿಯಾ ಪ್ಲೇಯರ್ ಇವುಗಳಲ್ಲಿ ಅರ್ಧಕ್ಕೆ ಕೈ ಎತ್ತುತ್ತದೆ. ಎಂಪಿ3, ವೇವ್, ಡಬ್ಲ್ಯೂಎಂಎ ಹಾಡುತ್ತದೆ, ಸಾಮಾನ್ಯ ಎಂ4ಎ ಕೂಡ ಹಾಡುತ್ತದೆ. ಫ್ಲಾಕ್ (ಸದ್ದು ಬಿಡದೆ ಗಾತ್ರ ಇಳಿಸುವ ಬಗೆ), ಓಗ್, ಓಪಸ್ ಕೊಟ್ಟರೆ ಆಗುವುದಿಲ್ಲ ಅಂತ ಒಂದು ಚಿಕ್ಕ ಕಿಟಕಿ ತೆರೆದು ಸುಮ್ಮನಾಗುತ್ತದೆ. ವಿಂಡೋಸ್ 10ರಲ್ಲಿ ಫ್ಲಾಕ್ ಸೇರಿಸಿದರು, 11ರಲ್ಲಿ ಪ್ಲೇಯರನ್ನೇ ಹೊಸದು ಮಾಡಿದರು, ಹಾಗಾಗಿ ಹೊಸ ಕಂಪ್ಯೂಟರ್ ಇರುವವರಿಗೆ ಈ ತಲೆನೋವು ಕಡಿಮೆ. ನಮ್ಮ ಹಾಗೆ ಹಳೇ ಮಿಷನ್ ಎಳೆದುಕೊಂಡು ಹೋಗುವವರಿಗೆ ಬೇರೆ ದಾರಿ ಇಲ್ಲ.

ಫೈಲ್ ಯಾಕೆ ಹಾಡುವುದಿಲ್ಲ ಅನ್ನುವುದು ಒಮ್ಮೆ ತಲೆಗೆ ಹೋದರೆ ಆಮೇಲೆ ಎಲ್ಲ ಸುಲಭ. ಹೆಸರಿನ ಕೊನೆಯಲ್ಲಿರುವ ಮೂರು ನಾಲ್ಕು ಅಕ್ಷರ ನೋಡಿ ನಾವು ಇದು ಇಂಥ ಫೈಲು ಅಂದುಕೊಳ್ಳುತ್ತೇವೆ. ಆದರೆ ಅಡುಗೆಮನೆಯಲ್ಲಿ ಬಿಸ್ಕೆಟ್ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಕಾಳುಮೆಣಸು ಇರುತ್ತದಲ್ಲ, ಇಲ್ಲೂ ಹಾಗೇ. ಎಂ4ಎ ಒಳಗೆ ಎಎಸಿ ಅನ್ನುವ ಬಗೆಯ ಸದ್ದು ಇರಬಹುದು, ಆಪಲ್‌ನವರ ಅಲಾಕ್ ಕೂಡ ಇರಬಹುದು. ಓಗ್ ಒಳಗೆ ವೋರ್ಬಿಸ್ ಇರಬಹುದು, ಓಪಸ್ ಇರಬಹುದು. ಒಳಗಿರುವುದನ್ನು ಬಿಡಿಸಿ ಸದ್ದು ಮಾಡುವ ತುಣುಕಿಗೆ ಕೋಡೆಕ್ ಅಂತಾರೆ. ವಿಂಡೋಸಿನ ಹಳೇ ಪ್ಲೇಯರ್ ಕಂಪ್ಯೂಟರಿನಲ್ಲಿ ಮೊದಲೇ ಇರುವ ಕೋಡೆಕ್‌ಗಳನ್ನು ನಂಬಿಕೊಂಡು ಕೂತಿರುತ್ತದೆ. ಅದು ಇಲ್ಲದಿದ್ದರೆ ಹಾಡಿಲ್ಲ. ವಿಎಲ್‌ಸಿ ತನಗೆ ಬೇಕಾದ ಕೋಡೆಕ್‌ಗಳನ್ನೆಲ್ಲ ತನ್ನ ಜೊತೆಗೇ ತರುತ್ತದೆ. ಅದರ ಗುಟ್ಟೇ ಇದು.

ಇನ್ನೂ ಒಂದು. ವಿಎಲ್‌ಸಿ ಹೆಸರನ್ನಷ್ಟೇ ನಂಬುವುದಿಲ್ಲ, ಒಳಗೂ ಇಣುಕಿ ನೋಡುತ್ತದೆ. ಯಾರೋ ಬುದ್ಧಿವಂತರು ಎಂ4ಎ ಫೈಲಿನ ಹೆಸರು ಬದಲಿಸಿ ಎಂಪಿ3 ಅಂತ ಮಾಡಿ 'ಕನ್ವರ್ಟ್ ಮಾಡಿದೆ' ಅಂತ ಕಳಿಸಿರುತ್ತಾರೆ. ಹೆಸರು ಬದಲಿಸಿದರೆ ಫೈಲು ಬದಲಾಗುವುದಿಲ್ಲ. ಕೆಲವು ಪ್ಲೇಯರುಗಳು ಅಲ್ಲೇ ಮುಗ್ಗರಿಸುತ್ತವೆ, ವಿಎಲ್‌ಸಿ ಸಾಮಾನ್ಯವಾಗಿ ಹಾಡಿಬಿಡುತ್ತದೆ. ಒಳಗೆ ನಿಜವಾಗಿ ಏನಿದೆ ಅಂತ ನೋಡಬೇಕಾದರೆ ಹಾಡು ಓಡುತ್ತಿರುವಾಗ ಕಂಟ್ರೋಲ್ ಜೊತೆ ಜೆ ಒತ್ತಿ. ಕೋಡೆಕ್ ಹೆಸರು, ಒಂದು ಚಾನೆಲ್ಲೋ ಎರಡೋ, ಸೆಕೆಂಡಿಗೆ ಎಷ್ಟು ಸ್ಯಾಂಪಲ್ (ಸದ್ದನ್ನು ಎಷ್ಟು ಸಲ ಅಳೆದು ಬರೆದಿದೆ ಅನ್ನುವ ಲೆಕ್ಕ), ಎಲ್ಲ ಬರುತ್ತದೆ. ಇದೊಂದು ಕಲಿತರೆ ಅರ್ಧ ಮೆಕ್ಯಾನಿಕ್ ಆದಂತೆ. ಅಂದ ಹಾಗೆ ವಿಂಡೋಸ್ ಆ ಕೊನೆಯ ಅಕ್ಷರಗಳನ್ನು ತಾನಾಗಿ ಮುಚ್ಚಿಟ್ಟಿರುತ್ತದೆ, ಫೋಲ್ಡರ್ ಆಯ್ಕೆಗಳಿಗೆ ಹೋಗಿ ಅದನ್ನು ಕಾಣಿಸುವ ಹಾಗೆ ಮಾಡಿಕೊಳ್ಳಿ.

ವಿಎಲ್‌ಸಿ ಶುರುವಾಗಿದ್ದು 1996ರಲ್ಲಿ, ಪ್ಯಾರಿಸ್ಸಿನ ಎಕೋಲ್ ಸಾಂತ್ರಾಲ್ ಎಂಜಿನಿಯರಿಂಗ್ ಕಾಲೇಜಿನ ಹುಡುಗರಿಂದ. ಕ್ಯಾಂಪಸ್ಸಿನ ನೆಟ್‌ವರ್ಕಿನಲ್ಲಿ ವಿಡಿಯೋ ಕಳಿಸಿ ನೋಡುವುದು ಅವರ ಉದ್ದೇಶ. 2001ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟರು, ಈಗಲೂ ವಿಡಿಯೋಲ್ಯಾನ್ ಅನ್ನುವ ಲಾಭಕ್ಕಲ್ಲದ ಸಂಸ್ಥೆ ನೋಡಿಕೊಳ್ಳುತ್ತಿದೆ. ನೆಟ್‌ವರ್ಕಿನಲ್ಲಿ ಬರುವ ಹೊತ್ತಿಗೆ ತುಣುಕು ಕಳೆದುಹೋಗುವುದು, ಹಿಂದೆ ಮುಂದೆ ಆಗುವುದು ಇದ್ದದ್ದೇ. ಅಂಥದ್ದನ್ನು ಸಹಿಸಿಕೊಂಡು ಓಡಿಸಲೆಂದೇ ಹುಟ್ಟಿದ ಪ್ಲೇಯರ್ ಇದು. ಆ ಗುಣ ನಮ್ಮೂರಿಗೆ ಹೇಳಿ ಮಾಡಿಸಿದಂತಿದೆ. ಜುಲೈ ತಿಂಗಳಲ್ಲಿ ಮರ ಬಿದ್ದು ಲೈನ್ ಹೋಗುತ್ತದೆ, ಯುಪಿಎಸ್ ಕೂಡ ಕುಂಯ್‌ಗುಟ್ಟಿ ಸುಮ್ಮನಾಗುತ್ತದೆ, ಕಾಪಿ ಆಗುತ್ತಿದ್ದ ಎಂಪಿ3 ಅರ್ಧಕ್ಕೇ ನಿಂತಿರುತ್ತದೆ. ಅಂಥ ಅರ್ಧ ಫೈಲನ್ನೂ ವಿಎಲ್‌ಸಿ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಹಾಡುತ್ತದೆ. ಡೌನ್‌ಲೋಡ್ ಆಗುತ್ತಿರುವಾಗಲೇ ತೆರೆದು ಇದು ಬೇಕಾದ ಫೈಲೇ ಹೌದಾ ಅಂತ ನೋಡಬಹುದು. ಇಲ್ಲಿನ ನೆಟ್ ಸ್ಪೀಡಿಗೆ ಅದು ದೊಡ್ಡ ಉಪಕಾರ.

ಈಗ ಎಎಂಆರ್ ಕಥೆ. ಪಕ್ಕದ ತೋಟದವರ ಮನೆಯಲ್ಲಿ ಒಂದು ಹುತ್ತರಿಗೆ ಹಿರಿಯರು ದುಡಿ ಅನ್ನುವ ಚಿಕ್ಕ ಚರ್ಮವಾದ್ಯ ಹಿಡಿದು ಹಾಡಿದ್ದನ್ನು ಅವರ ಮಗ ಆಗಿನ ಕೀಪ್ಯಾಡ್ ಫೋನಿನಲ್ಲಿ ರೆಕಾರ್ಡ್ ಮಾಡಿದ್ದ. ಹಾಡಿದವರು ಈಗ ಇಲ್ಲ, ಉಳಿದಿರುವುದು ಆ ಫೈಲ್ ಒಂದೇ. ಹೊಸ ಫೋನಿಗೆ ಹಾಕಿದರೆ ತೆರೆಯುತ್ತಿರಲಿಲ್ಲ, ಮನೆಯವರ ಲ್ಯಾಪ್‌ಟಾಪ್‌ನಲ್ಲೂ ಇಲ್ಲ. ವಿಎಲ್‌ಸಿಯಲ್ಲಿ ಡಬಲ್ ಕ್ಲಿಕ್ ಮಾಡಿದ ತಕ್ಷಣ ಬಂತು. ಆದರೆ ಬಂದದ್ದು ಗಂಟಲು ಮಾತ್ರ, ದುಡಿಯ ಗುಮ್ಮೆನ್ನುವ ಪೆಟ್ಟು ಬರೀ ಟಕ್ ಟಕ್ ಅಂತ ಕೇಳುತ್ತಿತ್ತು. ಸಾಫ್ಟ್‌ವೇರಿನದು ತಪ್ಪಲ್ಲ. ಎಎಂಆರ್ ಮಾಡಿದ್ದೇ ಫೋನಿನ ಮಾತಿಗೆ. ಸೆಕೆಂಡಿಗೆ 8,000 ಸ್ಯಾಂಪಲ್ ಮಾತ್ರ, ಸುಮಾರು 200ರಿಂದ 3,400 ಹರ್ಟ್ಸ್ ಒಳಗಿನ ಸದ್ದಷ್ಟೇ ಉಳಿಯುತ್ತದೆ. ಕೆಳಗಿನ ಗುಮುಗುಮು, ಮೇಲಿನ ತಾಳದ ಝಣಝಣ ಎರಡೂ ರೆಕಾರ್ಡ್ ಮಾಡುವಾಗಲೇ ಹೋಗಿರುತ್ತವೆ. ನಿಮಿಷಕ್ಕೆ 100 ಕೆಬಿ ಕೂಡ ಇಲ್ಲದ ಫೈಲಿನಿಂದ ಇನ್ನೇನು ಕೇಳುವುದು? ಅದೇ ಸಿಡಿ ಗುಣಮಟ್ಟದ ವೇವ್ ಆದರೆ ನಿಮಿಷಕ್ಕೆ ಹತ್ತು ಎಂಬಿ ತಿನ್ನುತ್ತದೆ.

ಅದನ್ನು ಫ್ಲಾಕ್‌ಗೆ ಬದಲಿಸಿದರೆ ಚೆನ್ನಾಗಿ ಕೇಳುತ್ತದಾ ಅಂತ ಅವರು ಕೇಳಿದರು. ಕೇಳುವುದಿಲ್ಲ. ಫ್ಲಾಕ್ ಇರುವುದನ್ನು ಒಂದಿಷ್ಟೂ ಬಿಡದೆ ಕಾಪಾಡುತ್ತದೆ, ಇಲ್ಲದ್ದನ್ನು ತರುವುದಿಲ್ಲ. ಮೂಲ ಎಎಂಆರ್ ಫೈಲನ್ನು ಹಾಗೇ ಇಟ್ಟುಕೊಳ್ಳಿ, ಫೋನಿನಲ್ಲಿ ಕೇಳುವುದಕ್ಕೆ ಬೇಕಾದರೆ ಒಂದು ಎಂಪಿ3 ಪ್ರತಿ ಮಾಡಿಕೊಳ್ಳಿ ಅಂದೆ. ಎಂಪಿ3, ಎಎಸಿ, ಎಎಂಆರ್, ಓಪಸ್, ಮಾಮೂಲಿ ಡಬ್ಲ್ಯೂಎಂಎ, ಇವೆಲ್ಲ ಗಾತ್ರ ಇಳಿಸಲು ಸದ್ದಿನ ಒಂದು ಭಾಗ ಬಿಟ್ಟುಬಿಡುವ ಜಾತಿ. ಒಂದರಿಂದ ಇನ್ನೊಂದಕ್ಕೆ ಬದಲಿಸಿದಷ್ಟೂ ಸಲ ಇನ್ನಷ್ಟು ಕಳೆದುಕೊಳ್ಳುತ್ತೀರಿ. ವಿಎಲ್‌ಸಿ ಎಲ್ಲವನ್ನೂ ಇದ್ದ ಹಾಗೇ ಹಾಡುವಾಗ ಸುಮ್ನೆ ಬದಲಿಸುವುದೇ ಯಾಕೆ ಅಲ್ವಾ?

ಹಾಡು ಬರೆದುಕೊಳ್ಳುವವರಿಗೆ ಒಂದು ಸಂಗತಿ. ಅದೇ ದುಡಿ ಹಾಡಿನ ಸಾಲುಗಳನ್ನು ಅವರ ಮಗಳು ಪುಸ್ತಕದಲ್ಲಿ ಇಳಿಸಿಕೊಂಡಳು. ಹಿರಿಯರು ಹಾಡುವ ವೇಗಕ್ಕೆ ಪದ ಹಿಡಿಯುವುದು ಕಷ್ಟ. ವಿಎಲ್‌ಸಿಯಲ್ಲಿ ಚೌಕ ಆವರಣದ ಎಡಗೀಲಿ ಒತ್ತಿದರೆ ವೇಗ ಸ್ವಲ್ಪ ಸ್ವಲ್ಪ ಇಳಿಯುತ್ತದೆ, ಬಲಗೀಲಿ ಒತ್ತಿದರೆ ಏರುತ್ತದೆ, ಸಮ ಚಿಹ್ನೆ ಒತ್ತಿದರೆ ಮಾಮೂಲಿಗೆ ಬರುತ್ತದೆ. ನಿಧಾನ ಮಾಡಿದಾಗ ಹಳೇ ಟೇಪಿನ ಹಾಗೆ ಧ್ವನಿ ದಪ್ಪ ಆಗುವುದಿಲ್ಲ, ಶ್ರುತಿ ಅಲ್ಲೇ ನಿಲ್ಲುತ್ತದೆ. ವ್ಯೂ ಮೆನುವಿನಲ್ಲಿ ಅಡ್ವಾನ್ಸ್ಡ್ ಕಂಟ್ರೋಲ್ಸ್ ಹಾಕಿಕೊಂಡರೆ ಕೆಳಗೆ ಇನ್ನೂ ಕೆಲವು ಬಟನ್ ಬರುತ್ತವೆ, ಅದರಲ್ಲಿ ಒಂದು ಒತ್ತಿ ಸಾಲಿನ ಶುರು ಮತ್ತು ಕೊನೆ ಗುರುತು ಮಾಡಿದರೆ ಅಷ್ಟನ್ನೇ ತಿರುಗಿಸಿ ತಿರುಗಿಸಿ ಹಾಡುತ್ತದೆ. ಇದಕ್ಕೆಂದೇ ದುಡ್ಡು ಕೊಟ್ಟು ಬೇರೆ ಸಾಫ್ಟ್‌ವೇರ್ ತಗೊಳ್ಳುವವರಿದ್ದಾರೆ.

ವಿಸಿಡಿ ಕೂಡ ಹಾಗೇ. ಡಿಸ್ಕಿನ ಒಳಗೆ ಡ್ಯಾಟ್ ಅಂತ ಕಾಣುವ ಫೈಲು ಇರುತ್ತದಲ್ಲ, ಅದನ್ನು ವಿಎಲ್‌ಸಿ ಮೇಲೆ ಎಳೆದು ಬಿಟ್ಟರೆ ಸಾಕು. ಫಂಗಸ್ ಹಿಡಿದ ಡಿಸ್ಕಾದರೆ ಮೊದಲು ಮೆತ್ತನೆ ಬಟ್ಟೆಯಿಂದ ಒಳಗಿನಿಂದ ಹೊರಕ್ಕೆ ನೇರವಾಗಿ ಒರೆಸಿ, ಸುತ್ತಲೂ ತಿರುಗಿಸಿ ಒರೆಸಬೇಡಿ. ಕೊಡಗಿನ ಮಳೆಗಾಲ ದಾಟಿದ ಡಿಸ್ಕು ಅಂದರೆ ಅದೃಷ್ಟದ ಪ್ರಶ್ನೆ.

ಆಡಿಯೋ ಸಿಡಿಯದು ಇನ್ನೊಂದು ಬಗೆಯ ಮೋಸ. ನಮ್ಮ ದೊಡ್ಡಪ್ಪ ಸೋಮವಾರಪೇಟೆಯಿಂದ ಬರುವಾಗ ಒಂದು ಪೆನ್‌ಡ್ರೈವ್ ತಂದಿದ್ದರು.

"ಮಗ, ಇದರಲ್ಲಿ ಪೂರ್ತಿ ಒಂದು ಸಿಡಿ ಹಾಡು ಉಂಟು. ನಾನೇ ಕಾಪಿ ಹಾಕಿದ್ದು. ಎಲ್ಲಿ ಹಾಕಿದರೂ ಹಾಡ್ತಾ ಇಲ್ಲ, ನಿನ್ನ ಆ ಕೋನ್ ಇರುವ ಸಾಫ್ಟ್‌ವೇರಲ್ಲಿ ನೋಡು."

"ದೊಡ್ಡಪ್ಪ, ಇದರಲ್ಲಿ ಹಾಡೇ ಇಲ್ಲ. ಎಲ್ಲ ಸೇರಿಸಿದರೂ ಒಂದು ಫೋಟೋದಷ್ಟು ತೂಕ ಇಲ್ಲ ನೋಡಿ."

"ಇಲ್ಲ ಅಂದ್ರೆ ಹೇಗೆ, ಟ್ರ್ಯಾಕ್ 1, ಟ್ರ್ಯಾಕ್ 2 ಅಂತ ಹೆಸರು ಕಾಣ್ತದಲ್ಲ!"

ಹೆಸರು ಕಾಣುತ್ತದೆ, ಅದೇ ತೊಂದರೆ. ಆಡಿಯೋ ಸಿಡಿ ಹಾಕಿದಾಗ ವಿಂಡೋಸ್ ತೋರಿಸುವ ಸಿಡಿಎ ಫೈಲುಗಳು ಹಾಡಲ್ಲ, ಹಾಡು ಡಿಸ್ಕಿನಲ್ಲಿ ಎಲ್ಲಿ ಶುರುವಾಗುತ್ತದೆ ಅಂತ ಹೇಳುವ ಚೀಟಿ ಅಷ್ಟೇ. ಒಂದೊಂದೂ ಬರೀ 44 ಬೈಟ್. ಅದನ್ನು ಕಾಪಿ ಮಾಡಿದರೆ ಚೀಟಿ ಬರುತ್ತದೆ, ಹಾಡು ಡಿಸ್ಕಿನಲ್ಲೇ ಉಳಿಯುತ್ತದೆ. ಇದನ್ನು ವಿಎಲ್‌ಸಿ ಅಲ್ಲ, ಯಾವ ಪ್ಲೇಯರೂ ಹಾಡಿಸಲಾರದು. ಸಿಡಿಯನ್ನು ರಿಪ್ ಮಾಡಬೇಕು. ಅಂದರೆ ಡಿಸ್ಕಿನಿಂದ ಸದ್ದನ್ನೇ ಓದಿ ಫೈಲ್ ಮಾಡಬೇಕು. ವಿಂಡೋಸಿನ ಹಳೇ ಮೀಡಿಯಾ ಪ್ಲೇಯರ್ ಈ ಒಂದು ಕೆಲಸಕ್ಕೆ ಪರವಾಗಿಲ್ಲ, ಆದರೆ ಸೆಟ್ಟಿಂಗ್ ನೋಡದೆ ಬಿಟ್ಟರೆ ಡಬ್ಲ್ಯೂಎಂಎ ಮಾಡಿಡುತ್ತದೆ. ಎಂಪಿ3 ಅಂತ ಆರಿಸಿಕೊಳ್ಳಿ. ದೊಡ್ಡಪ್ಪನಿಗೆ ಸಿಡಿ ತರಲು ಹೇಳಿದ್ದೇನೆ, ಸಿಡಿ ಯಾರದ್ದೋ ಮನೆಗೆ ವಾಪಸ್ ಹೋಗಿದೆಯಂತೆ.

ಇನ್ನು ವಿಎಲ್‌ಸಿಯ ಮೇಲೆ ನನ್ನ ದೂರುಗಳು.

ವಾಲ್ಯೂಮ್ ಶೇಕಡಾ 125ರವರೆಗೆ ಹೋಗುತ್ತದೆ. ಮಳೆಗಾಲದಲ್ಲಿ ಶೀಟಿನ ಮೇಲೆ ಮಳೆ ಹೊಡೆಯುವಾಗ ಇದು ವರ ಅನಿಸುತ್ತದೆ, ಆದರೆ 100 ದಾಟಿದ ಮೇಲೆ ಬರುವುದು ಎಳೆದು ಹಿಗ್ಗಿಸಿದ ಸದ್ದು. ಮೊದಲೇ ಜೋರಾಗಿ ರೆಕಾರ್ಡ್ ಆದ ಹಾಡಾದರೆ ಅಲ್ಲಿ ಸೀಳುತ್ತದೆ. ಕೊಂಬು, ವಾಲಗ ಇರುವ ರೆಕಾರ್ಡಿಂಗಂತೂ ಕಿವಿ ಕಿತ್ತು ಬರುತ್ತದೆ. ಅದರ ಬದಲು ಕಂಟ್ರೋಲ್ ಜೊತೆ ಇ ಒತ್ತಿ, ಎಫೆಕ್ಟ್ಸ್ ತೆರೆದು, ಕಂಪ್ರೆಸರ್ ಹಾಕಿ ನೋಡಿ. ಮೆಲ್ಲಗಿನ ಮಾತು ಮೇಲೆ ಬರುತ್ತದೆ, ಜೋರಾದದ್ದು ಹದದಲ್ಲಿ ನಿಲ್ಲುತ್ತದೆ. ಅಜ್ಜಿಯರು ಮೈಕಿನಿಂದ ದೂರ ಕೂತು ಹಾಡಿದ ಸೋಬಾನೆಗೆ ಇದು ತುಂಬ ಸಹಾಯ ಮಾಡಿತು. ಅಲ್ಲೇ ಈಕ್ವಲೈಸರ್ ಕೂಡ ಇದೆ, ಬಲಗಡೆಯ ಕೊನೆಯ ಪಟ್ಟಿಗಳನ್ನು ಸ್ವಲ್ಪ ಇಳಿಸಿದರೆ ಕ್ಯಾಸೆಟ್ಟಿನ ಹಿಸ್ಸ್ ಸದ್ದು ಕಡಿಮೆ ಆಗುತ್ತದೆ.

ಹಾಡಿನ ಸಂಗ್ರಹ ನೋಡಿಕೊಳ್ಳುವುದರಲ್ಲಿ ವಿಎಲ್‌ಸಿ ಶುದ್ಧ ದಡ್ಡ. ಪ್ಲೇಲಿಸ್ಟ್ ಅಂದರೆ ಒಂದು ಉದ್ದ ಪಟ್ಟಿ ಅಷ್ಟೇ. ಗಾಯಕರ ಪ್ರಕಾರ ಜೋಡಿಸು, ಈ ವರ್ಷದ್ದು ಮಾತ್ರ ತೋರಿಸು ಅಂದರೆ ಅದರ ಕೈಲಿ ಸಲೀಸಾಗಿ ಆಗುವುದಿಲ್ಲ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಮಧ್ಯೆ ಸಣ್ಣ ಖಾಲಿ ಬರುತ್ತದೆ. ಸಿನಿಮಾ ಹಾಡಿಗೆ ಅದು ಗೊತ್ತಾಗುವುದಿಲ್ಲ. ತಾಳಮದ್ದಳೆಯ ಸಿಡಿಯಲ್ಲಿ ಅರ್ಥಗಾರಿಕೆ ಒಂದು ಟ್ರ್ಯಾಕಿನಿಂದ ಇನ್ನೊಂದಕ್ಕೆ ಹರಿದುಕೊಂಡು ಹೋಗುತ್ತದಲ್ಲ, ಅಲ್ಲಿ ಮಾತಿನ ನಡುವೆ ಕಚಕ್ ಅಂತ ಕತ್ತರಿಸಿದ ಹಾಗಾಗುತ್ತದೆ. ನನಗಂತೂ ಸಹಿಸಲಾಗುವುದಿಲ್ಲ.

ಕನ್ವರ್ಟ್ ಮಾಡುವ ಸೌಲಭ್ಯವೂ ಇದೆ, ಮೀಡಿಯಾ ಮೆನುವಿನಲ್ಲಿ. ಒಂದೆರಡು ಫೈಲಿಗೆ ಸರಿ, ರಾಶಿಗೆ ಬೇಡ. ಎಂಪಿ3 ಆರಿಸಿದರೆ ತಾನಾಗಿ 128 ಕೆಬಿಪಿಎಸ್ (ಸೆಕೆಂಡಿಗೆ ಎಷ್ಟು ಕಿಲೋಬಿಟ್ ಅನ್ನುವ ಲೆಕ್ಕ) ಹಾಕಿಕೊಳ್ಳುತ್ತದೆ, ವಾಲಗಕ್ಕೆ ಅದು ಸಾಲದು, ಪಕ್ಕದ ಸ್ಪ್ಯಾನರ್ ಗುರುತು ಒತ್ತಿ 192 ಅಥವಾ 256 ಮಾಡಿ. ಮುಗಿಯಿತಾ ಇಲ್ಲವಾ ಅಂತ ಬಾಯಿಬಿಟ್ಟು ಹೇಳುವುದೂ ಇಲ್ಲ, ಕೆಳಗಿನ ಗೆರೆ ಕೊನೆ ಮುಟ್ಟಿತಾ ಅಂತ ನಾವೇ ಕಾಯ್ದು ನೋಡಬೇಕು.

ಈ ಕೊರತೆಗಳೆಲ್ಲ ಫೂಬಾರ್‌ನಲ್ಲಿ ಇಲ್ಲ. ಇದನ್ನು ಮಾಡಿದವರು ಪೀಟರ್ ಪಾವ್ಲೋವ್‌ಸ್ಕಿ, ಮೊದಲು ವಿನ್ಯಾಂಪ್ ಅನ್ನುವ ಹಳೇ ಪ್ಲೇಯರಿಗೆ ಕೆಲಸ ಮಾಡಿಕೊಟ್ಟವರು. ಹೊರಗೆ ಬಂದದ್ದು 2002ರಲ್ಲಿ, 2023ರಲ್ಲಿ ಎರಡನೇ ದೊಡ್ಡ ಆವೃತ್ತಿ ಬಂತು, ಅದು ವಿಂಡೋಸ್ 7ರಲ್ಲೂ ಓಡುತ್ತದೆ. ಇನ್‌ಸ್ಟಾಲರ್ ಹತ್ತು ಎಂಬಿಯೊಳಗೆ ಮುಗಿಯುತ್ತದೆ. ವಿನ್ಯಾಂಪ್ ನೋಡಿ ಬೆಳೆದವರಿಗೆ ಫೂಬಾರ್ ನೋಡಿದರೆ ಬೇಜಾರಾಗಬಹುದು, ರೂಪ ಬದಲಿಸುವ ಸ್ಕಿನ್ ಇಲ್ಲ, ಕುಣಿಯುವ ಬಣ್ಣ ಇಲ್ಲ, ಸರ್ಕಾರಿ ಕಚೇರಿಯ ರಿಜಿಸ್ಟರ್ ತೆರೆದ ಹಾಗೆ ಬರೀ ಸಾಲುಗಳು. ಕೇಳುವುದಕ್ಕೆ ಕೂತರೆ ಮಾತ್ರ ಬೇರೆಯದೇ. ಟ್ರ್ಯಾಕಿನಿಂದ ಟ್ರ್ಯಾಕಿಗೆ ಖಾಲಿ ಬಿಡುವುದಿಲ್ಲ. ತಾಳಮದ್ದಳೆ ಒಂದೇ ಉಸಿರಿನಲ್ಲಿ ಓಡುತ್ತದೆ.

ಅದರಲ್ಲಿ ನಾನು ಹೆಚ್ಚು ಮೆಚ್ಚಿದ್ದು ರೀಪ್ಲೇಗೇನ್. ಕ್ಯಾಸೆಟ್ಟಿನಿಂದ ತೆಗೆದದ್ದು ಮೆಲ್ಲಗೆ, ಈಗಿನ ಸಿನಿಮಾ ಹಾಡು ಅಬ್ಬರ, ಮಧ್ಯೆ ಎದ್ದು ಹೋಗಿ ವಾಲ್ಯೂಮ್ ತಿರುಗಿಸುತ್ತಲೇ ಇರಬೇಕು. ಫೂಬಾರ್‌ಗೆ ಎಲ್ಲ ಹಾಡು ಆರಿಸಿ ಸ್ಕ್ಯಾನ್ ಮಾಡಲು ಹೇಳಿದರೆ ಪ್ರತಿ ಹಾಡು ಎಷ್ಟು ಜೋರು ಅಂತ ಲೆಕ್ಕ ಹಾಕಿ ಫೈಲಿನ ಟ್ಯಾಗಿನಲ್ಲಿ, ಅಂದರೆ ಹಾಡಿನ ವಿವರ ಇರುವ ಜಾಗದಲ್ಲಿ, ಬರೆದಿಡುತ್ತದೆ. ಹಾಡುವಾಗ ಆ ಲೆಕ್ಕದ ಪ್ರಕಾರ ಏರಿಳಿಸುತ್ತದೆ. ಹಾಡಿನ ಸದ್ದನ್ನು ಮುಟ್ಟುವುದಿಲ್ಲ, ಬೇಡವಾದರೆ ಟ್ಯಾಗ್ ಅಳಿಸಿದರೆ ಆಯಿತು. ಹಾಕಿದ ಮೇಲೆ ಸಂಜೆ ಕಾಫಿ ಕುಡಿಯುತ್ತಾ ಕೂತ ಜಾಗದಿಂದ ಏಳಬೇಕಾಗಿಲ್ಲ.

ಫೂಬಾರ್ ಎಲ್ಲರಿಗೂ ಅಲ್ಲ, ಅದನ್ನೂ ಹೇಳಬೇಕು. ಎಂಪಿ3, ಎಎಸಿ, ಫ್ಲಾಕ್, ಓಗ್, ಓಪಸ್, ಅಲಾಕ್ ಸೀದಾ ಹಾಡುತ್ತದೆ. ಕೆಲವು ಅಪರೂಪದ ಜಾತಿಗೆ ಕಾಂಪೊನೆಂಟ್ ಅಂತ ಬೇರೆ ತುಣುಕು ಸೇರಿಸಬೇಕು. ಕನ್ವರ್ಟ್ ಮಾಡಬೇಕಾದರೆ ಎನ್‌ಕೋಡರ್ ಪ್ಯಾಕ್ ಅಂತ ಇನ್ನೊಂದು ಉಚಿತ ಫೈಲನ್ನು ಅವರದ್ದೇ ಸೈಟಿನಿಂದ ಇಳಿಸಬೇಕು. ಆದರೆ ಒಮ್ಮೆ ಹೊಂದಿಸಿದ ಮೇಲೆ ಸಿಡಿ ರಿಪ್ ಮಾಡುವುದು, ನೂರಾರು ಫೈಲನ್ನು ಒಟ್ಟಿಗೆ ಬದಲಿಸುವುದು ವಿಎಲ್‌ಸಿಗಿಂತ ಎಷ್ಟೋ ಅಚ್ಚುಕಟ್ಟು. ಅಪ್ಪ ಅಮ್ಮನ ಕಂಪ್ಯೂಟರಿಗೆ ಮಾತ್ರ ಫೂಬಾರ್ ಹಾಕಿ ಹೋಗಬೇಡಿ, ಆಮೇಲೆ ಫೋನಿನಲ್ಲಿ ಉತ್ತರ ಹೇಳಿ ಸಾಕಾಗುತ್ತದೆ. ಅವರಿಗೆ ವಿಎಲ್‌ಸಿಯೇ ಸರಿ.

ಕನ್ನಡದ ವಿಚಾರ. ಫೈಲಿನ ಹೆಸರು ಯೂನಿಕೋಡ್ ಕನ್ನಡದಲ್ಲಿದ್ದರೆ ಎರಡೂ ಪ್ಲೇಯರ್ ಸರಿಯಾಗಿ ತೋರಿಸುತ್ತವೆ. ಹಳೇ ಎಂಪಿ3ಗಳಲ್ಲಿ ಹಾಡಿನ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ ಬರುವುದು ಪ್ಲೇಯರಿನ ದೋಷವಲ್ಲ. ನುಡಿ, ಬರಹದ ಹಳೇ ಫಾಂಟಿನಲ್ಲಿ ಬರೆದ ಟ್ಯಾಗು ಅದು. ಫೂಬಾರ್‌ನಲ್ಲಿ ಪ್ರಾಪರ್ಟೀಸ್ ತೆರೆದು ಇಡೀ ಆಲ್ಬಮ್ಮಿನ ಹೆಸರನ್ನು ಒಂದೇ ಸಲ ಕನ್ನಡದಲ್ಲಿ ತಿದ್ದಬಹುದು. ಮಳೆ ಹಿಡಿದ ಭಾನುವಾರಕ್ಕೆ ಒಳ್ಳೇ ಕೆಲಸ.

ಯಾವುದು ಹಾಕಬಾರದು ಅಂತ ಹೇಳುತ್ತೇನೆ ಅಂದಿದ್ದೆನಲ್ಲ. ಕೋಡೆಕ್ ಪ್ಯಾಕ್. ಸರ್ವೀಸಿಗೆ ಕೊಟ್ಟಿದ್ದ ಒಂದು ಅಂಗಡಿಯವರು ಕೇಳದೇನೇ ನಮ್ಮ ಮಿಷನ್ನಿಗೆ ಅಂಥದ್ದೊಂದು ಪ್ಯಾಕ್ ಹಾಕಿ ಕಳಿಸಿದ್ದರು. ಬ್ರೌಸರಿಗೆ ಟೂಲ್‌ಬಾರ್ ಬಂದು ಕೂತಿತು, ಆನ್ ಆಗುವಾಗಲೆಲ್ಲ ಒಂದು ಜಾಹೀರಾತು. ಒಳ್ಳೆಯ ಪ್ಯಾಕುಗಳೂ ಇವೆ, ಇಲ್ಲ ಅನ್ನುವುದಿಲ್ಲ, ಆದರೆ ವಿಎಲ್‌ಸಿ ಇದ್ದ ಮೇಲೆ ಅದರ ಅಗತ್ಯವೇ ಇಲ್ಲ. ಹಾಗೇ ಆನ್‌ಲೈನ್ ಕನ್ವರ್ಟರುಗಳು. ಮನೆಯವರ ಮಾತು, ಹಾಡು ಇರುವ ಫೈಲನ್ನು ಗುರುತಿಲ್ಲದ ಸರ್ವರಿಗೆ ಏರಿಸುವುದು ನನಗಂತೂ ಸರಿ ಕಾಣುವುದಿಲ್ಲ.

ವಿಎಲ್‌ಸಿಯನ್ನು ವಿಡಿಯೋಲ್ಯಾನ್ ಸಂಸ್ಥೆಯ ಸ್ವಂತ ಸೈಟಿನಿಂದಲೇ ಇಳಿಸಿ. 2022ರಲ್ಲಿ ಆ ಸೈಟು ಭಾರತದಲ್ಲಿ ತಿಂಗಳುಗಟ್ಟಲೆ ತೆರೆಯುತ್ತಿರಲಿಲ್ಲ, ಬ್ಲಾಕ್ ಆಗಿತ್ತು. ವಿಡಿಯೋಲ್ಯಾನಿನವರು ಇಂಟರ್ನೆಟ್ ಫ್ರೀಡಂ ಫೌಂಡೇಶನ್ ನೆರವಿನಿಂದ ಸರ್ಕಾರಕ್ಕೆ ಲೀಗಲ್ ನೋಟಿಸ್ ಕೊಟ್ಟರು, ಆ ವರ್ಷದ ನವೆಂಬರಿನಲ್ಲಿ ತಡೆ ತೆಗೆದರು. ಆ ಹೊತ್ತಿನಲ್ಲಿ ಗೂಗಲ್ ಮಾಡಿ ಸಿಕ್ಕ ಸೈಟಿನಿಂದ ಇಳಿಸಿಕೊಂಡವರು ಅದನ್ನು ತೆಗೆದು ಹೊಸದಾಗಿ ಹಾಕಿಕೊಳ್ಳುವುದು ಒಳ್ಳೆಯದು. ಇನ್‌ಸ್ಟಾಲರ್ ಸುಮಾರು 40 ಎಂಬಿ. ದುಡ್ಡು ಕೇಳಿದರೆ, ಇನ್ನೊಂದು ಸಾಫ್ಟ್‌ವೇರ್ ಜೊತೆಗೆ ಹಾಕಲಾ ಅಂತ ಕೇಳಿದರೆ ಅದು ಅಸಲಿ ಅಲ್ಲ. ಡಿಸೆಂಬರ್ ಕೊನೆಗೆ ಐಕಾನಿನ ಕೋನ್ ಮೇಲೆ ಕ್ರಿಸ್ಮಸ್ ಟೋಪಿ ಬಂದರೆ ಮಾತ್ರ ಗಾಬರಿ ಬೇಡ, ಅದು ಅವರದ್ದೇ ತಮಾಷೆ.

ಜೀಪಿನ ಸ್ಟೀರಿಯೋಗೆ ಎಂಪಿ3ಯೇ ಸರಿ, ಪೆನ್‌ಡ್ರೈವನ್ನು ಫ್ಯಾಟ್32 ಅನ್ನುವ ಬಗೆಯಲ್ಲಿ ಫಾರ್ಮ್ಯಾಟ್ ಮಾಡಿಕೊಳ್ಳಿ. ಎಂಪಿ3 ಹಳೇದಾಯಿತು ಅಂತ ಬಿಡುವ ಅಗತ್ಯ ಇಲ್ಲ, ಅದರ ಪೇಟೆಂಟ್ ಲೈಸೆನ್ಸಿನ ಗೋಜು 2017ಕ್ಕೇ ಮುಗಿದಿದೆ, ಹಾಡದ ಯಂತ್ರ ಸಿಗುವುದೇ ಕಷ್ಟ. ಕ್ಯಾಸೆಟ್ಟಿನಿಂದ ತೆಗೆಯುವುದಾದರೆ ಮಾತ್ರ ಫ್ಲಾಕ್ ಮಾಡಿಡಿ. ಒಂದು ಗಂಟೆಯ ಕ್ಯಾಸೆಟ್ ವೇವ್ ಆಗಿ 600 ಎಂಬಿ ಆದರೆ ಫ್ಲಾಕ್‌ನಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಸದ್ದು ಒಂದು ಎಳೆಯೂ ಹೋಗುವುದಿಲ್ಲ. ಕ್ಯಾಸೆಟ್ಟಿನ ರೀಲು ಬಿಳಿ ಫಂಗಸ್ ಹಿಡಿದು ಅಂಟಿಕೊಳ್ಳುವ ಮೊದಲು ಮಾಡಿ. ಇನ್ನೊಂದು ಮಳೆಗಾಲಕ್ಕೆ ಕಾಯಬೇಡಿ.

ನಮ್ಮ ಸಂಗ್ರಹದಲ್ಲಿ ಎರಡೂ ಪ್ಲೇಯರ್ ಸೋತದ್ದು ಒಂದೇ ಕಡೆ. ಹಳೇ ವಿಂಡೋಸ್ ಮೀಡಿಯಾ ಪ್ಲೇಯರಿನಲ್ಲಿ ಸಿಡಿ ರಿಪ್ ಮಾಡುವಾಗ ಕಾಪಿ ಪ್ರೊಟೆಕ್ಟ್ ಅನ್ನುವ ಟಿಕ್ ಇರುತ್ತಿತ್ತು. ಅದು ಹಾಕಿದ್ದಾಗ ಮಾಡಿದ ಡಬ್ಲ್ಯೂಎಂಎ ಫೈಲಿಗೆ ಬೀಗ ಬಿದ್ದಿರುತ್ತದೆ, ಕೀಲಿ ಆ ಕಂಪ್ಯೂಟರಿನಲ್ಲೇ ಇರುತ್ತದೆ. ಆ ಕಂಪ್ಯೂಟರ್ ಗುಜರಿಗೆ ಹೋಗಿದ್ದರೆ ಕೀಲಿಯೂ ಹೋಯಿತು. ಮೂಲ ಸಿಡಿ ಯಾರ ಮನೆಯಲ್ಲಾದರೂ ಇದೆಯಾ ಅಂತ ವಿಚಾರಿಸಿ ಮತ್ತೆ ರಿಪ್ ಮಾಡಿ. ಇಲ್ಲ ಅಂದರೆ ಆ ಫೈಲುಗಳನ್ನು ಅಳಿಸಿಬಿಡಿ, ಡಿಸ್ಕಿನಲ್ಲಿ ಜಾಗವಾದರೂ ಆಗುತ್ತದೆ.